ಗದ್ದಲ ಎಂಬ ಮಾತು

ಹೋದ ವರ್ಷ ಗಣಪತಿ ಬಿಡುವ ದಿನ ಮಧುಗಿರಿಯ ನಮ್ಮ ಬೀದಿಯಲ್ಲಿ ಡಿ.ಜೆ. ಗಾಡಿ ಹಾದುಹೋದಾಗ, ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದ ನಾನು ಕಿಟಕಿ ಎಳೆದುಕೊಂಡು, "ಏನು ಗದ್ದಲವೋ ಶಿವನೇ, ಇದನ್ನೂ ಸಂಗೀತ ಅಂತಾರಲ್ಲ" ಎಂದೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಬಾಗಿಲಲ್ಲಿ ನಿಂತು ನಕ್ಕ.

"ಅತ್ತೆ, ನೀವು ಸಂಗೀತ ಕಲಿತವರು. ಗದ್ದಲ ಅಂದುಬಿಟ್ಟರೆ ಮುಗಿದೇ ಹೋಯ್ತಾ? ಅದರಲ್ಲಿ ಏನೇನು ಕೇಳಿಸ್ತು, ಅದನ್ನ ಹೇಳಿ."

ನಾನು ಸುಮ್ಮನಾದೆ. ಉತ್ತರ ತೋಚದೆ ಅಲ್ಲ. ಆ "ಗದ್ದಲ" ಎಂಬ ಒಂದು ಮಾತು ಸುಮಾರು ಮೂವತ್ತು ವರ್ಷಗಳಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದನ್ನು ನಾನು ಒಮ್ಮೆ ಬರೆದಿದ್ದೆ. ಬರೆದದ್ದು ಅಚ್ಚಾಗಿತ್ತು. ಅಚ್ಚಾದದ್ದನ್ನು ಓದಬಾರದವರು ಓದಿದ್ದರು.

ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಿದ್ಧರಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಅಪ್ಪನಿಗೆ ಮಗಳು ನಾಲ್ಕು ದೇವರನಾಮ ಹೇಳಬೇಕೆಂಬ ಆಸೆ. ಪೇಟೆಯ ಮೇಷ್ಟ್ರೊಬ್ಬರ ಬಳಿ ಕಲಿತು ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದೆ. ಬಿ.ಎ., ಬಿ.ಎಡ್. ಆಯಿತು, ಮದುವೆಯಾಗಿ ಮಧುಗಿರಿಗೆ ಬಂದೆ, ಕೆಲಸ ಸಿಕ್ಕಿತು. ಮೊದಲು ಸಿರಾ ತಾಲ್ಲೂಕು, ಆಮೇಲೆ ಪಾವಗಡ, ಕೊನೆಗೆ ಊರ ಹತ್ತಿರ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಜೂನಿಯರ್ ಪಾಸಾದವಳು ಎಂದರೆ ಆಗಿನ ನಮ್ಮ ಕಡೆ ದೊಡ್ಡ ವಿದುಷಿಯೇ ಸರಿ! ಜಿಲ್ಲೆಯ ಒಂದು ಸಣ್ಣ ವಾರಪತ್ರಿಕೆಯವರು, "ರಾಮೋತ್ಸವದ ಕಛೇರಿಗಳ ಬಗ್ಗೆ ಒಂದಿಷ್ಟು ಬರೆದುಕೊಡಿ ಟೀಚರೇ" ಎಂದು ಕೇಳಿದರು. ನಾನು ಸಂಗೀತ ವಿಮರ್ಶಕಿಯಾದದ್ದು ಹೀಗೆ.

ಆ ಬರವಣಿಗೆ ಕಷ್ಟದ್ದೇನಲ್ಲ. ನೀವೂ ಓದಿರುತ್ತೀರಿ. ಗಾಯಕರ ಶಾರೀರ ಶ್ರುತಿಶುದ್ಧವಾಗಿತ್ತು, ರಾಗದ ಆಲಾಪನೆ ಕಲ್ಪನಾವಿಲಾಸದಿಂದ ಕೂಡಿತ್ತು, ಪಿಟೀಲು ನೆರಳಿನಂತೆ ಹಿಂಬಾಲಿಸಿತು, ಸಭಿಕರ ಮನಸ್ಸು ಸೂರೆಹೋಯಿತು. ಹತ್ತು ಹನ್ನೆರಡು ಮಾತುಗಳ ಒಂದು ಡಬ್ಬಿ. ಸಾಂಬಾರಪುಡಿಯ ಹಾಗೆ ಯಾವ ಕಛೇರಿಗಾದರೂ ಒಂದು ಚಮಚ ಹಾಕಬಹುದು. ಆದರೆ ಆ ಮಾತುಗಳೂ ಸುಮ್ಮನೆ ಹುಟ್ಟಿದವಲ್ಲ. ದೊಡ್ಡವರು ಕಷ್ಟಪಟ್ಟು ಕಡೆದು ಕೊಟ್ಟವು. ಪಾವಗಡದ ಗಡಿ ದಾಟಿದರೆ ಸಿಗುವ ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಮೇಷ್ಟ್ರಾಗಿದ್ದ ಅನಂತಕೃಷ್ಣ ಶರ್ಮರು ಕನ್ನಡದಲ್ಲಿ "ಗಾನಕಲೆ" ಬರೆದು, ಹಾಡನ್ನು ಕೇಳಿದವರು ಅದರ ಬಗ್ಗೆ ಹೇಗೆ ಮಾತಾಡಬಹುದು ಎಂದು ತೋರಿಸಿಕೊಟ್ಟರು. ಮೈಸೂರು ವಾಸುದೇವಾಚಾರ್ಯರು "ನಾ ಕಂಡ ಕಲಾವಿದರು" ಬರೆದು, ಸಂಗೀತಗಾರ ಎಂದರೆ ಕೇವಲ ಶಾರೀರವಲ್ಲ, ಅವನಿಗೊಂದು ಮನೆ, ಮುಖ, ಮುನಿಸು ಎಲ್ಲ ಉಂಟು ಎಂದು ಕಾಣಿಸಿದರು. ಅವರಿಂದ ಹರಿದು ಬಂದ ನೀರೇ ನಮ್ಮಂಥವರ ಕೊಡದಲ್ಲಿ ತಳಕ್ಕಿಳಿದು ಹತ್ತು ಹನ್ನೆರಡು ಮಾತಾಗಿತ್ತು.

ಈ ಡಬ್ಬಿಯಲ್ಲಿ ತಮಟೆಗೆ ಒಂದು ಮಾತೂ ಇರಲಿಲ್ಲ. ನನಗೆ ಅದು ಅರಿವಾದದ್ದು 1996ರಲ್ಲಿ.

ಆಗ ನಾನು ಸಿರಾ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿದ್ದೆ. ಊರಿನ ರಾಮಮಂದಿರದ ಮುಂದೆ ಚಪ್ಪರ, ಹೊರಗಿನಿಂದ ಬಂದ ಒಬ್ಬ ವಿದ್ವಾಂಸರ ಪಿಟೀಲು ಕಛೇರಿ. ಅದೇ ರಾತ್ರಿ ಕೇರಿಯ ಮಾರಮ್ಮನಿಗೂ ಹಬ್ಬ. ಕಛೇರಿಯಲ್ಲಿ ತೋಡಿ ರಾಗ ಆರಂಭವಾಗುವ ಹೊತ್ತಿಗೆ ಆ ಕಡೆಯಿಂದ ತಮಟೆ, ಉರುಮೆ ಶುರುವಾಯಿತು. ವಿದ್ವಾಂಸರು ಒಮ್ಮೆ ಕಮಾನು ಇಳಿಸಿ ಮುಖ ಸಿಂಡರಿಸಿದರು. ಊರ ಹಿರಿಯರು ಒಬ್ಬ ಹುಡುಗನನ್ನು ಓಡಿಸಿದರು. ಸದ್ದು ನಿಲ್ಲಲಿಲ್ಲ. ಮನೆಗೆ ಬಂದು ನಾನು ವರದಿ ಬರೆದೆ. ಪಿಟೀಲಿಗೆ ಎರಡು ಪ್ಯಾರಾ. ಕೊನೆಗೆ, ಹೊರಗಿನ ತಮಟೆಯ ಗದ್ದಲದಿಂದ ಕಛೇರಿಗೆ ಭಂಗವುಂಟಾಯಿತು, ಊರಿನವರು ಇತ್ತ ಗಮನ ಕೊಡಬೇಕು ಎಂದು ಒಂದು ಸಾಲು. ಅಷ್ಟೇ.

ಒಂದು ವಾರ ಕಳೆದ ಮೇಲೆ, ಒಂಬತ್ತನೇ ತರಗತಿಯ ಒಬ್ಬ ಹುಡುಗ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತ. ಕೈಯಲ್ಲಿ ಮಡಿಸಿದ ಪತ್ರಿಕೆ. "ಮಿಸ್, ಇದು ನೀವೇ ಬರ್ದಿದ್ದಾ?" ಎಂದ. ಹೌದೆಂದೆ. ಅವನ ಅಪ್ಪ ಆ ರಾತ್ರಿ ತಮಟೆ ಬಾರಿಸಿದವರು. ಅವರಿಗೆ ಓದಲು ಬರುವುದಿಲ್ಲ. ಹೋಟೆಲಿನಲ್ಲಿ ಯಾರೋ, "ನಿನ್ನ ತಮಟೆ ಪೇಪರಲ್ಲಿ ಬಂದೈತೆ ಕಣಯ್ಯ" ಎಂದಿದ್ದಾರೆ. ಅವರು ಖುಷಿಯಿಂದ ಪತ್ರಿಕೆ ಈಸಿಕೊಂಡು ಬಂದು, ಮನೆಯವರನ್ನೆಲ್ಲ ಕೂರಿಸಿ, ಮಗನ ಕೈಗೆ ಕೊಟ್ಟು, "ಓದಲಾ ಮಗ" ಎಂದಿದ್ದಾರೆ.

"ನೀನು ಓದಿದೆಯಾ?" ಎಂದೆ. ನನ್ನ ಕೈಯಲ್ಲಿದ್ದ ಮೊಸರನ್ನದ ತುತ್ತು ಹಾಗೇ ನಿಂತಿತ್ತು.

"ಓದ್ದೆ ಮಿಸ್. ಅವತ್ತಿನ ರಾತ್ರಿ ತಮಟೆ ಬಲು ಚೆನ್ನಾಗಿತ್ತು, ಊರೆಲ್ಲ ಕೇಳ್ತು, ಅಂತ ಓದ್ದೆ."

ಇಷ್ಟು ಹೇಳಿ, ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆಮೇಲೆ ನಾನು ಆ ಪತ್ರಿಕೆಗೆ ಬರೆಯಲಿಲ್ಲ. ಆದರೆ ಆ ತಂದೆಯ ಬಳಿಗೆ ಹೋಗಿ ಒಂದು ಮಾತೂ ಆಡಲಿಲ್ಲ. ಎರಡು ವರ್ಷಕ್ಕೆ ಪಾವಗಡಕ್ಕೆ ವರ್ಗವಾಯಿತು.

ಅಂದಿನಿಂದ ನನಗೊಂದು ಚಟ ಹತ್ತಿತು. ತಮ್ಮದಲ್ಲದ ಸಂಗೀತವನ್ನು ಕೇಳಿದ ಓದುಬಲ್ಲವರು ಅದರ ಬಗ್ಗೆ ಏನು ಬರೆದರು ಎಂದು ಹುಡುಕಿ ಓದುವುದು. ನನ್ನ ತಪ್ಪಿಗೆ ಜೊತೆಗಾರರು ಸಿಗುತ್ತಾರೇನೋ ಎಂಬ ಆಸೆಯೂ ಅದರಲ್ಲಿ ಇದ್ದಿರಬೇಕು. ಸಿಕ್ಕರು, ಬೇಕಾದಷ್ಟು ಜನ.

ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ನಮ್ಮ ನಡೆನುಡಿಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಬಂತು. ನಮ್ಮ ವಾದ್ಯಗಳು ಯುರೋಪಿನ ಕಿವಿಗೆ ಕರ್ಕಶ ಎಂಬುದು ಅವನ ಅಭಿಪ್ರಾಯ. ಗಮನಿಸಿ, ಅವನು ಹೇಳುತ್ತಿರುವುದು ಕೇರಿಯ ತಮಟೆಯನ್ನಷ್ಟೇ ಅಲ್ಲ, ದೇವಸ್ಥಾನದ ನಾಗಸ್ವರ, ಡೋಲುಗಳನ್ನೂ ಸೇರಿಸಿ. ನಾವು ಶಾಸ್ತ್ರೀಯವೆಂದು ಎದೆಯುಬ್ಬಿಸುವುದೂ ಅವನಿಗೆ ಗದ್ದಲವೇ! ಆಮೇಲೆ 1891ರಲ್ಲಿ ಕ್ಯಾಪ್ಟನ್ ಡೇ ಎಂಬ ಸೈನಿಕ ದಕ್ಷಿಣ ಭಾರತದ ಸಂಗೀತ, ವಾದ್ಯಗಳ ಮೇಲೆ ಚಿತ್ರಸಹಿತ ಪುಸ್ತಕ ತಂದ. ಅವನು ಗೇಲಿ ಮಾಡಲಿಲ್ಲ. ಒಂದೊಂದು ವಾದ್ಯವನ್ನೂ ಎತ್ತಿ ನೋಡಿ, ಯಾವ ಮರ, ಯಾವ ತಂತಿ ಎಂದು ವಿಚಾರಿಸಿ ಬರೆದ. ಗದ್ದಲ ಎಂದವನಿಗೂ ಇವನಿಗೂ ನಡುವೆ ಇದ್ದ ವ್ಯತ್ಯಾಸ ಇಷ್ಟೇ: ಇವನು ವಾದ್ಯದ ಹತ್ತಿರ ಹೋಗಿದ್ದ.

ನಮ್ಮವರ ಕಥೆ ಬೇರೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ನಿಮಗೆ ಗೊತ್ತಿರಬಹುದು. ಕಾಡುಗೊಲ್ಲರ ವೀರ ಜುಂಜಪ್ಪ, ದನಗಳ ಕಾವಲುಗಾರ. ಅವನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಊದುತ್ತ, ನಡುನಡುವೆ ಹಾಡುತ್ತ ರಾತ್ರಿಗಟ್ಟಲೆ ಹೇಳುತ್ತಾರೆ. ವಿದ್ವಾಂಸರು ಇಲ್ಲಿಗೆ ಬಂದರು, ಟೇಪ್ ರೆಕಾರ್ಡರ್ ತಂದರು, ಕಥೆಯನ್ನು ಬರೆದುಕೊಂಡರು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ಬರೆದ ಗ್ರಂಥ ಇಂದಿಗೂ ಆಧಾರ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದ ಮೇಲಂತೂ ಇಂಥ ಮಹಾಕಾವ್ಯಗಳು ದಪ್ಪ ದಪ್ಪ ಪುಸ್ತಕಗಳಾದವು. ದೊಡ್ಡ ಉಪಕಾರ. ಆದರೆ ಈ ಕೆಲಸ ಮಾಡಿದವರಲ್ಲಿ ಬಹುಪಾಲು ಜನ ಸಾಹಿತ್ಯ ಓದಿದವರು. ಹಾಗಾಗಿ ಅವರ ಕೈಗೆ ಸಾಹಿತ್ಯವೇ ಹೆಚ್ಚು ಸಿಕ್ಕಿತು. ಪುಸ್ತಕದೊಳಗೆ ಸಾಲುಗಳು ಬಂದವು, ಗಣೆಯ ಉಸಿರು ಬರಲಿಲ್ಲ. ಗಣೆಗಾದರೂ ಜೊತೆಯಲ್ಲಿ ಮಾತಿತ್ತು. ಮಾತೇ ಇಲ್ಲದ ತಮಟೆಯನ್ನು ಏನೆಂದು ಬರೆದುಕೊಳ್ಳುವುದು? ಜಾನಪದ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿದ್ದು ಸಾಮಾನ್ಯವಾಗಿ ಅರ್ಧ ಪುಟ. ಬಳೆಯಾಕಾರದ ಚೌಕಟ್ಟು, ಅದಕ್ಕೆ ಬಿಗಿದ ಚರ್ಮ, ಎರಡು ಕಡ್ಡಿ, ಹಬ್ಬಹರಿದಿನಗಳಲ್ಲಿ ಬಾರಿಸುತ್ತಾರೆ. ಮುಗಿಯಿತು.

ಹೆಂಗಸರ ಹಾಡಿಗೂ ಹೀಗೇ ಆಯಿತು. ಸೋಬಾನೆ, ಬೀಸುವ ಪದಗಳ ಸಂಕಲನಗಳಲ್ಲಿ ಸಂಗ್ರಹಿಸಿದವರ ಹೆಸರು ರಕ್ಷಾಪುಟದ ಮೇಲೆ ಇರುತ್ತದೆ. ಹಾಡಿದವಳು ಬಹಳ ಸಲ ಒಳಗೆಲ್ಲೂ ಇರುವುದಿಲ್ಲ. ಚಳ್ಳಕೆರೆ ಕಡೆಯ ಕಾಡುಗೊಲ್ಲರ ಸಿರಿಯಜ್ಜಿಯಂಥ ಒಬ್ಬಿಬ್ಬರಿಗೆ ಮಾತ್ರ ಹೆಸರು, ಮುಖ ದೊರೆತವು. ಕೃಷ್ಣಮೂರ್ತಿ ಹನೂರರು ಆಕೆಯನ್ನು ಹಾಡಿನ ಚೀಲವೆಂದು ನೋಡದೆ ಒಬ್ಬ ಹೆಂಗಸಾಗಿ ನೋಡಿ ಬರೆದರು. ಅಂಥ ಬರಹ ಸಾಧ್ಯ ಎನ್ನುವುದಕ್ಕೆ ಅದು ಸಾಕ್ಷಿ.

ಕಾಲ ಸರಿದಂತೆ ಗದ್ದಲ ಎನ್ನುವುದು ತಪ್ಪೆಂದು ಎಲ್ಲರಿಗೂ ತಿಳಿಯಿತು. 1980ರಲ್ಲಿ ಜಾನಪದ, ಯಕ್ಷಗಾನಗಳಿಗೆ ಅಕಾಡೆಮಿ ಬಂತು. 1994ರಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ದಸರಾ ಮೆರವಣಿಗೆಯಲ್ಲಿ ತಮಟೆ ತಂಡಗಳು ಸಾಗಿದವು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಟಿ.ವಿ. ಮುಂದೆ ಕೂತು ಕಣ್ಣೊರೆಸಿಕೊಂಡೆ. ಆದರೆ ಪತ್ರಿಕೆಯ ವರದಿಗಳನ್ನು ಓದಿದಾಗ ಒಂದು ವಿಚಿತ್ರ ಕಂಡಿತು. ಮೊದಲು "ಗದ್ದಲ" ಇದ್ದ ಜಾಗದಲ್ಲಿ ಈಗ "ಜನಮನ ಸೂರೆಗೊಂಡಿತು" ಎಂದಿದೆ, "ಮಣ್ಣಿನ ಸೊಗಡು" ಎಂದಿದೆ. ಬೈಗುಳ ಹೋಗಿ ಹೂವಿನ ಹಾರ ಬಂದಿದೆ. ಆ ಮನುಷ್ಯ ಕೈಯಲ್ಲಿ ಏನು ಮಾಡಿದ ಎಂಬುದು ಎರಡರಲ್ಲೂ ಇಲ್ಲ!

ಇದನ್ನೆಲ್ಲ ನಾನು ಅಣ್ಣನ ಮಗನಿಗೆ ಅವತ್ತು ರಾತ್ರಿ ಹೇಳಿದೆ, ಆ ಹುಡುಗನ ವಿಷಯವೊಂದನ್ನು ಬಿಟ್ಟು. ಅವನು ಕಂಪ್ಯೂಟರ್ ಕೆಲಸದವನಾದರೂ ಅವನ ಜೀವವೆಲ್ಲ ಹೌಸ್, ಟೆಕ್ನೋ ಎಂಬ ಕುಣಿತದ ಸಂಗೀತದಲ್ಲಿ. ಯಂತ್ರದಲ್ಲಿ ಹುಟ್ಟಿಸಿದ ಬಡಿತ, ಮಾತು ಕಡಿಮೆ, ರಾತ್ರಿಯಿಡೀ ನಡೆಯುತ್ತದೆ. "ಅತ್ತೆ, ನಿಮ್ಮ ತಮಟೆಯ ಕಥೆಯೇ ನಮ್ಮದೂ" ಎಂದು ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ನಿಮಗೂ ಹೇಳುತ್ತೇನೆ.

ಅಮೆರಿಕದಲ್ಲಿ 1970ರ ದಶಕದಲ್ಲಿ ಡಿಸ್ಕೊ ಎಂಬ ಕುಣಿತದ ಸಂಗೀತ ಬೆಳೆಯಿತು. ಅದರ ಬೇರು ಇದ್ದದ್ದು ಕರಿಯರ, ಸ್ಪ್ಯಾನಿಷ್ ಮಾತಿನ ಬಡವರ, ಸಲಿಂಗಿಗಳ ಕೂಟಗಳಲ್ಲಿ. ದೊಡ್ಡ ವಿಮರ್ಶಕರು ಅನೇಕರು ಗಿಟಾರಿನ ರಾಕ್ ಸಂಗೀತದವರು. ಇದರಲ್ಲಿ ಸಾಹಿತ್ಯವಿಲ್ಲ, ಒಂದೇ ಬಡಿತ ಎಂದು ಮೂಗು ಮುರಿದರು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ರೇಡಿಯೋ ನಿರೂಪಕ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿಸಿ ಸಿಡಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ತಮಾಷೆಗೆಂದು ಮಾಡಿದ್ದು. ಆದರೆ ಆ ರಾಶಿಯಲ್ಲಿ ಯಾರ ಹಾಡು ಸಿಡಿಯಿತು ಎಂದು ವಿಮರ್ಶಕರು ಕೇಳಿಕೊಂಡದ್ದು ನಿಧಾನವಾಗಿ. ಅದೇ ಷಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಕರಿಯ ಯುವಕ ರೆಕಾರ್ಡುಗಳನ್ನು ಬೆಸೆದು ರಾತ್ರಿಯಿಡೀ ಕುಣಿಸುತ್ತಿದ್ದ. ಆ ಕ್ಲಬ್ಬಿನ ಹೆಸರಿನ ಬಾಲವೇ "ಹೌಸ್" ಎಂಬ ಪ್ರಕಾರದ ಹೆಸರಾಯಿತು. ಡೆಟ್ರಾಯಿಟ್ ಹತ್ತಿರದ ಬೆಲ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಟ್ಟಿಗೆ ಓದಿದ ಮೂವರು ಹುಡುಗರು, ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್, ಟೆಕ್ನೋ ಕಟ್ಟಿದರು. 1988ರಲ್ಲಿ ಇಂಗ್ಲೆಂಡಿನಲ್ಲಿ ಅವರ ಆಲ್ಬಂ ಬಂದು, ಅಲ್ಲಿನ ಪತ್ರಿಕೆಗಳು ಬರೆದ ಮೇಲೇ ಲೋಕಕ್ಕೆ ಆ ಹೆಸರು ಗೊತ್ತಾದದ್ದು. ತಮ್ಮೂರಿನಲ್ಲಿ ಅವರು ಏನು, ಪಕ್ಕದ ಮನೆಯ ಹುಡುಗರು!

ಇಂಗ್ಲೆಂಡಿನ ಯುವಕರು ಹೊಲ, ಬಯಲುಗಳಲ್ಲಿ ಸೇರಿ ಹಗಲುರಾತ್ರಿ ಕುಣಿಯತೊಡಗಿದಾಗ ಸರಕಾರ 1994ರಲ್ಲಿ ಒಂದು ಕಾಯಿದೆ ಮಾಡಿತು. ಬಯಲಿನ ಇಂಥ ರಾತ್ರಿಕೂಟಗಳನ್ನು ತಡೆಯುವುದಕ್ಕಾಗಿ, ಮತ್ತೆ ಮತ್ತೆ ಅದೇ ಬಡಿತ ಬರುವ ಸದ್ದುಗಳೂ ಸಂಗೀತ ಎಂಬ ಮಾತಿನಲ್ಲಿ ಸೇರುತ್ತವೆ ಎಂದು ಕಾಯಿದೆಯಲ್ಲೇ ಬರೆಯಬೇಕಾಯಿತು. ಇದನ್ನು ಕೇಳಿ ನನಗೆ ನಗು ಬಂತು. ಎಷ್ಟೋ ವಿಮರ್ಶಕರು ಸಂಗೀತವಲ್ಲ ಎಂದದ್ದನ್ನು ಕಡೆಗೆ ಸಂಗೀತವೆಂದು ಒಪ್ಪಿಕೊಂಡವನು ಪೊಲೀಸಿನವನು, ಅದೂ ನಿಲ್ಲಿಸುವುದಕ್ಕೆ!

ಆಮೇಲೆ ಈ ಸಂಗೀತಕ್ಕೂ ಪ್ರೀತಿಯಿಂದ ಬರೆಯುವವರು ಬಂದರು. ಸೈಮನ್ ರೆನಾಲ್ಡ್ಸ್ ಎಂಬವರು 1998ರಲ್ಲಿ ದೊಡ್ಡ ಇತಿಹಾಸವನ್ನೇ ಬರೆದರು. ಅವರು ಕುಣಿಯುವವರ ನಡುವೆ ನಿಂತು ಬರೆದವರು. ಆದರೆ ಅಣ್ಣನ ಮಗ ಹೇಳುವಂತೆ ಬಹುಪಾಲು ಬರಹಗಾರರಿಗೆ ಮೂರು ರೋಗಗಳಿವೆ. ಮಾತಿಲ್ಲದ ಸಂಗೀತದ ಬಗ್ಗೆ ಮಾತು ಹುಟ್ಟದೆ ನೆರೆದ ಜನರನ್ನು ವರ್ಣಿಸುವುದು ಒಂದು. ತಿಂಗಳಿಗೊಂದು ಹೊಸ ಪ್ರಕಾರದ ಹೆಸರು ಕಟ್ಟಿ, ಅದು ಇದಲ್ಲ ಇದು ಅದಲ್ಲ ಎಂದು ಜಗಳವಾಡುವುದು ಎರಡು. ಮೊದಲು ಮಾಡಿದವರು ಯಾರು ಎಂದು ಹುಡುಕಿ ಹೊರಡುವುದು ಮೂರನೆಯದು.

ಈ ಮೂರನೆಯದಕ್ಕೆ ಅವನು ಕೊಟ್ಟ ಉದಾಹರಣೆ ನಮ್ಮ ದೇಶದ್ದು. ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ಹಿಂದೂಸ್ತಾನಿ ರಾಗಗಳನ್ನು ಜಪಾನಿನ ರೋಲ್ಯಾಂಡ್ ಕಂಪನಿಯ ಯಂತ್ರಗಳಲ್ಲಿ ಡಿಸ್ಕೊ ಬಡಿತಕ್ಕೆ ಕೂಡಿಸಿ ಒಂದು ರೆಕಾರ್ಡ್ ತಂದರು. ಯಾರೂ ಕೊಳ್ಳಲಿಲ್ಲ. ಐದಾರು ವರ್ಷದ ಮೇಲೆ ಷಿಕಾಗೋದಲ್ಲಿ ಅದೇ ಯಂತ್ರಗಳಿಂದ ಆಸಿಡ್ ಹೌಸ್ ಎಂಬ ಪ್ರಕಾರ ಹುಟ್ಟಿತು. ಡಚ್ ಸಂಗ್ರಾಹಕರೊಬ್ಬರಿಗೆ ಹಳೆಯ ರೆಕಾರ್ಡ್ ಸಿಕ್ಕಿ, 2010ರಲ್ಲಿ ಅದು ಮತ್ತೆ ಹೊರಬಂದಾಗ ವಿಮರ್ಶಕರು ಬೆಚ್ಚಿದರು: ಇದು ಮೊದಲು ಹುಟ್ಟಿದ್ದು ಭಾರತದಲ್ಲೇ! ಎಪ್ಪತ್ತು ದಾಟಿದ ಆ ಮನುಷ್ಯನನ್ನು ಯುರೋಪಿನ ವೇದಿಕೆಗಳಿಗೆ ಕರೆದರು. 2015ರಲ್ಲಿ ಅವರು ತೀರಿಕೊಂಡರು. ಮೂವತ್ತು ವರ್ಷ ಆ ರೆಕಾರ್ಡಿಗೆ ಒಂದು ಸಾಲು ಬರೆಯದೆ ಇದ್ದವರು, ಬರೆದಾಗ ಕೇಳಿದ ಮೊದಲ ಪ್ರಶ್ನೆ ನೀನು ಮೊದಲಿಗನೇ ಎಂಬುದು. ಆ ರಾಗಗಳನ್ನು ಹೇಗೆ ಕೂಡಿಸಿದೆ ಎಂಬ ಪ್ರಶ್ನೆ ಆಮೇಲಿನದು.

ಈ ಮಾತೆಲ್ಲ ಮುಗಿದಾಗ ರಾತ್ರಿ ಹನ್ನೆರಡು. ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಹಾಕಬಾರದೆಂಬ ನಿಯಮದಿಂದ ಡಿ.ಜೆ. ನಿಂತುಹೋಗಿತ್ತು. ಕೇರಿಯ ಕಡೆಯಿಂದ ಬರಿಯ ತಮಟೆ ಕೇಳುತ್ತಿತ್ತು. ಏಕಶಿಲಾ ಬೆಟ್ಟಕ್ಕೆ ಬಡಿದು ಒಂದು ಬಡಿತ ಎರಡಾಗಿ ಬರುತ್ತಿತ್ತು. ಆಗ ಅವನಿಗೆ ಆ ಹುಡುಗನ ಕಥೆಯನ್ನೂ ಹೇಳಿದೆ. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. "ಹೋಗಿ ಬನ್ನಿ ಅತ್ತೆ" ಎಂದ ಕೊನೆಗೆ.

ಹೋದೆ. ಈ ವರ್ಷ ಹಬ್ಬದ ಹೊತ್ತಿಗೆ. ಆ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ, ಸರಕಾರಿ ನೌಕರ. ಬಸ್ ಸ್ಟಾಂಡಿಗೆ ತಾನೇ ಬಂದು ಬೈಕಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಕ್ಷಮೆ ಕೇಳಿದೆ. ಅವನು ಗಾಡಿ ನಿಧಾನ ಮಾಡಿ ಹೇಳಿದ ಮಾತು ಇದು:

"ಮಿಸ್, ಅವತ್ತು ನೀವು ಗದ್ದಲ ಅಂದ್ರಿ. ಈಗಿನೋರು ಕಲೆ ಅಂತಾರೆ. ಹೆಣದ ಮುಂದೆ ಬಾರ್ಸೋಕೆ ಕರೆದಾಗ ಬರಲ್ಲ ಅನ್ನೋ ಹಾಗಿತ್ತಾ ನಮ್ಮಪ್ಪ? ಕೂಲಿ ಎಷ್ಟು ಕೊಟ್ರು ಅಂತ ಯಾರಾದ್ರೂ ಬರೆದ್ರಾ? ನಾನು ತಮಟೆ ಮುಟ್ಟಲಿಲ್ಲ. ಮುಟ್ಟಬಾರದು ಅಂತಲೇ ಓದಿದ್ದು."

ಈ ಮಾತು ಹೊಸದಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ, 1975ರಲ್ಲಿ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಯುವಕರು ಇನ್ನು ನಿಮ್ಮ ಸಾವಿಗೆ ತಮಟೆ ಬಡಿಯುವುದಿಲ್ಲ ಎಂದರು. ಅದೇ ಯುವಕರು ತಮ್ಮ ಮೆರವಣಿಗೆಯಲ್ಲಿ ತಮಟೆ ಬಾರಿಸಿಕೊಂಡು ಹೋದರು. ವಾದ್ಯ ಅದೇ, ಕೈ ಅದೇ. ಯಾರು ಕರೆದರು ಎಂಬುದಷ್ಟೇ ಬೇರೆ. ಮೃದಂಗಕ್ಕೆ ಹಸು, ಎಮ್ಮೆ, ಆಡಿನ ಚರ್ಮ ಹದ ಮಾಡಿ ಬಿಗಿಯುವವರ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ಬರೆದಾಗ, ನಾನು ಕೇಳಿದ ಅಷ್ಟೂ ಕಛೇರಿಗಳಲ್ಲಿ ಈ ಪ್ರಶ್ನೆ ನನಗೆ ಒಮ್ಮೆಯೂ ಹುಟ್ಟಲಿಲ್ಲವಲ್ಲ ಎಂದು ನಾಚಿದ್ದೆ. ತನಿ ಆವರ್ತನ ಶುರುವಾದರೆ ಕಾಫಿಗೆ ಏಳುವವರಲ್ಲಿ ನಾನೂ ಒಬ್ಬಳು.

ಅವನ ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಗುಡಿಯ ಮುಂದೆ ಒಣ ಸೆದೆಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದರು. "ಟೀಚರಮ್ನೋರು! ನೀವಲ್ವೇ ಆವತ್ತು ಪೇಪರಿಗೆ ಬರ್ದಿದ್ದು? ತಮಟೆ ಬಲು ಚೆನ್ನಾಗಿತ್ತು, ಊರೆಲ್ಲ ಕೇಳ್ತು ಅಂತ. ನಮ್ ಹುಡ್ಗ ಓದಿದ್ದ. ಅದ್ರಂಗೆ ಯಾರೂ ಬರೀಲಿಲ್ಲ ಕಣಮ್ಮ ಇನ್ನ."

ಮಗ ನನ್ನ ಮುಖ ನೋಡಿದ. ಬೇಡ ಎಂಬಂತೆ ಕಣ್ಣಲ್ಲೇ ತಡೆದ. ನಾನು ಹೂಂ ಎಂದೆ. ಇಷ್ಟು ವರ್ಷ ಪಾಠ ಹೇಳಿದವಳ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

ನಾನು ಅವರ ಪಕ್ಕದಲ್ಲಿ ಕೂತೆ, ನೋಟ್ ಪುಸ್ತಕ ತೆರೆದೆ. ಕೇಳಿದ್ದನ್ನು ಬರೆಯುತ್ತೇನೆ. ಚರ್ಮ ಗಾಳಿಯ ತೇವ ಕುಡಿದು ಸಡಿಲವಾಗುತ್ತದೆ. ಬೆಂಕಿಗೆ ಹಿಡಿದರೆ ತೇವ ಆರಿ ಬಿಗಿಯುತ್ತದೆ, ಸ್ವರ ಮೇಲೇರುತ್ತದೆ. ಅವರು ಬೆರಳ ಗಿಣ್ಣಿನಿಂದ ತಟ್ಟಿ, ಇನ್ನೂ ಇಲ್ಲ ಎಂದು ಮತ್ತೆ ಹಿಡಿಯುತ್ತಾರೆ. ವಿದ್ವಾಂಸರು ವೇದಿಕೆಯ ಮೇಲೆ ಶ್ರುತಿ ಮಾಡಿಕೊಳ್ಳುವುದೂ ಇದೇ ಅಲ್ಲವೆ? ಈಗಿನ ಹುಡುಗರ ತಮಟೆಗೆ ಫೈಬರ್ ಹೊದಿಕೆ, ಬೆಂಕಿ ಬೇಡ, ಮಳೆಗೂ ಹೆದರಬೇಕಿಲ್ಲ. ಆದರೆ ಅದರ ಸದ್ದು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಎನ್ನುತ್ತಾರೆ ಅವರು. ಬಲಗೈಯ ದಪ್ಪ ಕಡ್ಡಿ ನಡೆಯನ್ನು ಹಿಡಿಯುತ್ತದೆ. ಎಡಗೈಯ ತೆಳು ಕಡ್ಡಿ ಅದರ ಸಂದುಗಳನ್ನು ತುಂಬುತ್ತದೆ. ದೇವರು ಹೊರಡಿಸುವುದಕ್ಕೆ ಒಂದು ಬಡಿತ, ಮದುವೆಗೆ ಒಂದು, ಡಂಗುರಕ್ಕೆ ಒಂದು, ಹೆಣಕ್ಕೆ ಒಂದು. ಕಣ್ಣು ಮುಚ್ಚಿ ಕೇಳಿದರೂ ಕೇರಿಯವರಿಗೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಆ ಕೊನೆಯದನ್ನು ತೋರಿಸಿ ಎಂದು ನಾನು ಕೇಳಲಿಲ್ಲ.

ಉರುಮೆಯವರು ಬಂದರು. ಪಾವಗಡದಲ್ಲಿದ್ದಾಗ ತೆಲುಗು ಮಾತಿನ ಮಕ್ಕಳಿಂದ ನಾನು ಕಲಿತದ್ದು, ಉರುಮು ಎಂದರೆ ಗುಡುಗು. ಅದರ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಚರ್ಮ ನರಳುತ್ತದೆ, ದೂರದ ಮೋಡದ ಹಾಗೆ. ಆ ನರಳುವಿಕೆಯ ಮೇಲೆ ತಮಟೆ ಬಿತ್ತು. ಮೊದಲು ಬಿಡಿಬಿಡಿ, ನಡೆಯುವವರ ಹೆಜ್ಜೆಯ ಹಾಗೆ. ಬಹಳ ಹೊತ್ತು ಅದೇ, ಅದೇ. ನನಗೆ ಹಿಂದೆ ಬೇಸರ ಎನಿಸುತ್ತಿದ್ದದ್ದು ಇದೇ. ಈ ಸಲ ಏಳದೆ ಕೂತೆ. ಅರ್ಧ ಗಂಟೆಯ ಮೇಲೆ, ಅದೇ ಎಂದುಕೊಂಡದ್ದು ಅದೇ ಅಲ್ಲವೆಂದು ಕೇಳಿಸತೊಡಗಿತು. ಆ ಮುದುಕರು ಪ್ರತಿ ಸುತ್ತಿನಲ್ಲಿ ತೆಳು ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸುತ್ತಿದ್ದರು. ಕುಣಿಯುವವರ ಕಾಲು ನೋಡುತ್ತ, ಅದು ದಣಿದರೆ ಬಿಡುವು ಕೊಡುತ್ತ, ಏರಿದರೆ ತಾವೂ ಏರುತ್ತ. ದೇವರು ಗುಡಿಯಿಂದ ಈಚೆ ಬರುವ ಹೊತ್ತಿಗೆ ಬಡಿತ ಇಮ್ಮಡಿಯಾಯಿತು. ನನ್ನ ಪಕ್ಕದಲ್ಲಿ ಕೂತಿದ್ದ, ತಮಟೆ ಮುಟ್ಟಲಾರೆ ಎಂದ ಆ ಮಗನ ಬೆರಳುಗಳು ಮೊಣಕಾಲಿನ ಮೇಲೆ ಲೆಕ್ಕ ತಪ್ಪದೆ ಆಡುತ್ತಿದ್ದವು. ನಾನು ನೋಡಿದೆನೆಂದು ತಿಳಿದಾಗ ಕೈ ಮಡಚಿಕೊಂಡ.

ಬಾರಿಸಿದ್ದಕ್ಕೆ ಎಷ್ಟು ಕೊಡುತ್ತಾರೆ ಎಂದು ಕೇಳಿದೆ. ಕೇರಿಯ ದೇವರಿಗೆ ದುಡ್ಡಿಲ್ಲ, ಇದು ನಮ್ಮದು ಎಂದರು. ಹೊರಗೆ ಕರೆದರೆ ರೇಟು ಮಾತಾಡಿಕೊಂಡೇ ಹೋಗುತ್ತಾರಂತೆ. 1996ರಲ್ಲಿ ಊರವರು ಕರೆದಾಗ ಏನು ಸಿಗುತ್ತಿತ್ತು ಎಂದದ್ದಕ್ಕೆ, "ಅನ್ನ, ಒಂದೀಟು ಕಾಳು. ಬೈಗುಳ ಬೇರೆ" ಎಂದು ನಕ್ಕರು.

ಮರುದಿನ ಹೊರಡುವಾಗ ಅವರು ಕೇಳಿದರು: "ಈ ಸಲಾನೂ ಬರೀತೀರಾ ಟೀಚರಮ್ಮ?"

ಬರೆದಿದ್ದೇನೆ. ಓದಿ ಹೇಳುವುದು ಮಗನಿಗೆ ಬಿಟ್ಟದ್ದು. ಯಾವ ಪ್ಯಾರಾ ಓದಬೇಕು, ಯಾವುದನ್ನು ಬಿಡಬೇಕು ಎಂಬುದು ಅವನಿಗೆ ಒಂಬತ್ತನೇ ತರಗತಿಯಲ್ಲೇ ಗೊತ್ತಿತ್ತು. ಒಂದು ಸಾಲನ್ನು ಮಾತ್ರ ಅವನು ಈ ಸಲ ಬದಲಾಯಿಸದೆ ಓದಬಹುದು: ಆ ರಾತ್ರಿ ತಮಟೆ ಬಲು ಚೆನ್ನಾಗಿತ್ತು, ಊರೆಲ್ಲ ಕೇಳಿತು.